ನಾಲ್ಕು ತಂತಿ, ಒಂದೇ ಪೈಪು

ಮನೆಯೊಳಗಿನ ಮೇನ್ ಸ್ವಿಚ್ ಇಳಿಸಿ ಹೊರಗೆ ಬಂದ ಮನೆಯವನು, "ಈಗ ನೋಡಿ ಸಾಬ್ರೇ" ಎಂದ. ಮೀಟರಿನ ಕೆಂಪು ದೀಪ ಮಿಟುಕುತ್ತಲೇ ಇತ್ತು. ಒಳಗೆ ಒಂದು ಬಲ್ಬೂ ಉರಿಯುತ್ತಿಲ್ಲ, ಫ್ಯಾನು ನಿಂತಿದೆ, ಮೀಟರು ಮಾತ್ರ ತನ್ನ ಪಾಡಿಗೆ ಯೂನಿಟ್ ಎಣಿಸುತ್ತಿದೆ.

"ನನ್ ಕರೆಂಟು ಯಾರ್ ಮನೆಗ್ ಹೋಯ್ತಾ ಐತೆ ಅಂತ ನಾನ್ ಬೇರೆ ಹೇಳ್ಬೇಕಾ?" ಎಂದು ಪಕ್ಕದ ಗೋಡೆಯತ್ತ ಕಣ್ಣು ಹಾಯಿಸಿದ. ಗೋಡೆಯಾಚೆ ಇದ್ದುದು ಅವನ ಸ್ವಂತ ಅಣ್ಣನ ಮನೆ.

ತಮಾಷೆಯೆಂದರೆ ನನ್ನನ್ನು ಕಡೂರಿನಿಂದ ಕರೆಸಿದ್ದು ಆ ಅಣ್ಣನೇ. ಅವನ ದೂರೂ ಇದೇ. ತಾನು ಮೇನ್ ಇಳಿಸಿದರೂ ತನ್ನ ಮೀಟರು ಓಡುತ್ತದೆ, ಅದೂ ತಮ್ಮ ಮನೆಗಂಟಿದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಾಕಿದಾಗಲೇ ಓಡುತ್ತದೆ ಎಂದು ಅವನು ಫೋನಿನಲ್ಲಿ ಹೇಳಿದ್ದ. ಇಬ್ಬರು ಒಬ್ಬರನ್ನೊಬ್ಬರು ಕಳ್ಳ ಎಂದರೆ ನಾನು ಸಾಮಾನ್ಯವಾಗಿ ಇಬ್ಬರ ಮಾತನ್ನೂ ನಂಬಿಬಿಡುತ್ತೇನೆ. ಲೈಸೆನ್ಸ್ ಇಟ್ಟುಕೊಂಡು ಊರೂರು ತಿರುಗಿ ವೈರಿಂಗ್ ಮಾಡಿಸುವವನಿಗೆ ಅನುಮಾನವೇ ಮೊದಲ ಉಪಕರಣ. ನಮ್ಮ ನಿಕಾಹ್ ದಿನ ಚಪ್ಪರದ ಸೀರಿಯಲ್ ಸೆಟ್ಟಿಗೂ ನಾನು ಟೆಸ್ಟರ್ ಹಿಡಿದು ನೋಡಿದೆನೆಂದು ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಹಿಡಿದಿದ್ದು ನಿಜ. ಲೀಕೇಜ್ ಇದ್ದದ್ದೂ ನಿಜ.

ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆ ಹೋಗುವ ದಾರಿಯಲ್ಲಿರುವ ಹಳ್ಳಿ ಅದು. ಒಂದು ಕಾಲಕ್ಕೆ ಒಂದೇ ಮನೆಯಾಗಿದ್ದುದಕ್ಕೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮುಂದಿನ ಗೋಡೆಯ ಮೇಲೆ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ ಎರಡು ಮೀಟರು. ಅಲ್ಲಿಂದ ಎರಡೂ ಮನೆಯ ತಂತಿಗಳು ಒಂದೇ ಜಿ.ಐ. ಪೈಪಿನೊಳಗೆ ನುಗ್ಗಿ, ಹೊರಗೋಡೆಯ ಮೇಲೆ ಸೂರಿನವರೆಗೆ ಏರಿ, ಸೂರಿನ ಉದ್ದಕ್ಕೂ ಹೋಗಿ, ಕೊನೆಯ ಬಾಗುವಿನಲ್ಲಿದ್ದ ಒಂದು ಡಬ್ಬಿಯಿಂದ ಆಚೆ ಈಚೆ ಒಡೆಯುತ್ತಿದ್ದವು. ಎರಡು ಕೆಂಪು, ಎರಡು ಕಪ್ಪು, ಒಟ್ಟು ನಾಲ್ಕು ತಂತಿ.

ಪೈಪು ನೋಡಿದ ಕೂಡಲೇ ನನಗೆ ತಲೆ ಬಿಸಿಯಾಯಿತು. ಒಂದು ಸಂಪರ್ಕಕ್ಕೆ ಒಂದು ಪೈಪು ಎಂಬುದು ಈ ಕೆಲಸದ ಮೊದಲ ಪಾಠ. ಆ ಸಂಪರ್ಕದ ಹೋಗುವ ತಂತಿಯೂ ಮರಳುವ ತಂತಿಯೂ ಅದರಲ್ಲೇ ಜೊತೆಯಾಗಿರಬೇಕು, ಬೇರೆಯವರ ತಂತಿ ಅದರೊಳಗೆ ಬರಬಾರದು. ಪೈಪಿನೊಳಗೆ ಜಾಯಿಂಟ್ ಇರಬಾರದು, ಏಕೆಂದರೆ ಕಣ್ಣಿಗೆ ಕಾಣದ ಜಾಯಿಂಟು ಬೆಂಕಿಗೂ ಅನುಕೂಲ, ಕಳ್ಳನಿಗೂ ಅನುಕೂಲ. ಹೊರಗಿನ ಪೈಪಿನ ಬಾಯಿ ನೆಲ ನೋಡಬೇಕು. ಇಲ್ಲಿ ಸೂರಿನ ಮೇಲಿದ್ದ ಹಳೆಯ ಬಾಯಿಯೊಂದು ಆಕಾಶ ನೋಡುತ್ತಾ ಕೂತಿತ್ತು.

ಅಣ್ಣ ನನ್ನನ್ನು ಅವಸರದಲ್ಲಿ ಕರೆಸಿದ್ದಕ್ಕೆ ಕಾರಣವಿತ್ತು. ತಮ್ಮ ಆಗಲೇ ತರೀಕೆರೆಯ ವಿದ್ಯುತ್ ಕಚೇರಿಗೆ ಹೋಗಿ, ಅಣ್ಣನ ಮನೆಯಲ್ಲಿ ವಿದ್ಯುತ್ ಕಳ್ಳತನವಾಗುತ್ತಿದೆ ಎಂದು ದೂರು ಕೊಟ್ಟು ಬಂದಿದ್ದ. ಮರುದಿನ ಬೆಳಿಗ್ಗೆ ತನಿಖಾ ದಳ ಬರುವುದಿತ್ತು. ಕಳ್ಳತನವೆಂದು ಬರೆದುಕೊಂಡರೆ ಅಲ್ಲೇ ಸಂಪರ್ಕ ಕಟ್, ಮೇಲೆ ಪೊಲೀಸ್ ಕೇಸು. ಅಣ್ಣನ ಹೆಂಡತಿ ಹಿತ್ತಲ ಶೆಡ್ಡಿನಲ್ಲಿ ಅಡಿಕೆ ಹಾಳೆ ತಟ್ಟೆಯ ಪ್ರೆಸ್ ನಡೆಸುತ್ತಿದ್ದಳು. ಕರೆಂಟು ಹೋದರೆ ಪ್ರೆಸ್ ಹೋಯಿತು, ಕಳ್ಳಿ ಎಂಬ ಹೆಸರು ಮಾತ್ರ ಉಳಿಯುತ್ತದೆ.

ಅಣ್ಣ ನನ್ನನ್ನು ಶೆಡ್ಡಿನ ಮರೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ. "ಮೊದ್ಲು ಪ್ರೆಸ್ಸಿನ್ ಕಡೆ ನೋಡ್ಬಿಡಿ ಸಾಬ್ರೇ. ನಮ್ಮನೆಯವ್ಳು ಯಾರ್ನಾರಾ ಕರ್ಸಿ ಏನಾರಾ ಮಾಡ್ಸಿದ್ದಾಳೇನೋ. ಅವ್ಳಿಗೆ ಆ ಪ್ರೆಸ್ಸೇ ಪ್ರಪಂಚ. ನಾನ್ ಹೇಳ್ದೆ ಅಂತ ಗೊತ್ತಾಗ್ಬಾರ್ದು."

ಕಟ್ಟಿಕೊಂಡ ಹೆಂಡತಿಯ ಮೇಲೆ ಹೊರಗಿನವನ ಹತ್ತಿರ ಚಾಡಿ ಹೇಳುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಅನುಮಾನಕ್ಕೆ ನೆಂಟಸ್ತಿಕೆ ಇಲ್ಲವಲ್ಲ, ಹೋಗಿ ನೋಡಿದೆ.

ಆಕೆ ತೊಟ್ಟಿಯಲ್ಲಿ ನೆನೆದ ಹಾಳೆಗಳನ್ನು ಒಂದೊಂದೇ ಎತ್ತಿ ಬಿಸಿ ಅಚ್ಚಿಗೆ ಕೊಡುತ್ತಿದ್ದಳು. ಹಾಳೆಯೆಲ್ಲ ತರೀಕೆರೆ ಕಡೆಯಿಂದ ಲಗೇಜ್ ಆಟೋದಲ್ಲಿ ಬರುವುದಂತೆ, ತಟ್ಟೆಯಾಗಿ ಮತ್ತೆ ಅಲ್ಲಿನ ಮದುವೆ ಮನೆಗಳಿಗೇ ಹೋಗುವುದಂತೆ. ನಾನು ಬೋರ್ಡಿನ ಮುಂದೆ ಕೂತದ್ದು ಕಂಡು ಕೈ ನಿಲ್ಲಿಸಿದಳು.

"ನಿಮ್ಮನ್ನ ಕರ್ಸಿದ್ದು ಯಾರು?"

"ಯಜಮಾನ್ರು, ಅಕ್ಕಾ."

"ನೋಡಿ, ಚೆನ್ನಾಗ್ ನೋಡಿ. ನನ್ ವೈರ್ ಯಾವ್ದೂ ಪೈಪ್ನೊಳಗಿಲ್ಲ. ಎಲ್ಲಾ ಕಣ್ಣಿಗ್ ಕಾಣೋ ಹಂಗೇ ಐತೆ."

ಐತೆ ನಿಜ. ಮನೆಯ ಬೋರ್ಡಿನಿಂದ ಪ್ರೆಸ್ಸಿನವರೆಗೆ ತಂತಿ ಮರದ ಪಟ್ಟಿಯ ಮೇಲೆ ನೀಟಾಗಿ ಬಂದಿತ್ತು. ಎಲ್ಲಿಯೂ ಕೊಕ್ಕೆ ಇಲ್ಲ, ತೇಪೆ ಇಲ್ಲ. ಮನೆಯ ಮೀಟರಿನಲ್ಲಿ ಪ್ರೆಸ್ ನಡೆಸುವುದೇ ನಿಯಮಕ್ಕೆ ವಿರುದ್ಧ, ಅದು ಬೇರೆ ಮಾತು. ಕಳ್ಳತನ ಮಾತ್ರ ಅಲ್ಲಿರಲಿಲ್ಲ.

ಇಬ್ಬರು ಅಣ್ಣತಮ್ಮಂದಿರನ್ನೂ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದೆ. ಮನೆ ಭಾಗವಾದಾಗ ವೈರಿಂಗ್ ಮಾಡಿದವನು ಹೋದ ಮೇಲೆ ಈ ಪೈಪಿಗೆ ಯಾರಾದರೂ ಕೈ ಹಾಕಿದ್ದೀರಾ?

"ಯಾರೂ ಮುಟ್ಟಿಲ್ಲ" ಎಂದ ಅಣ್ಣ.

"ಯಾರೂ ಮುಟ್ಟಿಲ್ಲ" ಎಂದ ತಮ್ಮ.

ಮುಖ ಕೊಟ್ಟು ಮಾತಾಡದ ಇಬ್ಬರು ಬಾಯಿಪಾಠ ಮಾಡಿದವರಂತೆ ಒಂದೇ ಉತ್ತರ ಕೊಟ್ಟರೆ ಏನರ್ಥ? ಇಬ್ಬರೂ ಏನೋ ಮುಚ್ಚಿಡುತ್ತಿದ್ದಾರೆ ಎಂದು ಆಗಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಎರಡೂ ಮೀಟರುಗಳಲ್ಲಿ ಇನ್ನೊಂದು ಪುಟ್ಟ ದೀಪ ಹೊತ್ತಿಕೊಂಡಿತ್ತು. ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ಮರಳಿ ಬರದಿದ್ದರೆ ಹೊತ್ತುವ ದೀಪ ಅದು. ದಳದವರು ಬಂದವರೇ ಮೊದಲು ನೋಡುವುದು ಅದನ್ನೇ. ಅರ್ಧ ಕರೆಂಟನ್ನು ಭೂಮಿಗೆ ಇಳಿಸಿ ಮೀಟರಿಗೆ ಮಂಕುಬೂದಿ ಎರಚುವವರ ಮನೆಯಲ್ಲಿ ಅದು ಹೊತ್ತುತ್ತದೆ. ನೀರು ಹೊಕ್ಕ ಪೈಪಿನಲ್ಲಿ ತಂತಿಯ ಹೊದಿಕೆ ಕೆಟ್ಟು ಕರೆಂಟು ಸೋರಿದರೂ ಹೊತ್ತುತ್ತದೆ. ಆಕಾಶ ನೋಡುವ ಪೈಪಿನ ಬಾಯಿ ಕಂಡಿದ್ದ ನನಗೆ ಎರಡನೆಯದೇ ಸರಿಯೆನಿಸಿತು.

ಎರಡೂ ಮನೆಯ ಕರೆಂಟು ತೆಗೆಸಿ, ತಂತಿಗಳಿಗೆ ಗುರುತಿನ ಟೇಪು ಸುತ್ತಿ, ಮೀಟರಿನ ತುದಿಯಲ್ಲಿ ಬಿಚ್ಚಿ, ಒಂದೊಂದಾಗಿ ಪೈಪಿಗೆ ಎದುರಾಗಿ ಮೆಗ್ಗರ್ ಹಿಡಿದೆ. ತಂತಿಯ ಹೊದಿಕೆ ಎಷ್ಟು ಗಟ್ಟಿ ಎಂದು ಹೇಳುವ ಯಂತ್ರವದು. ಮುಳ್ಳು ಅರ್ಧಕ್ಕೂ ಏಳಲಿಲ್ಲ. ಸಿಕ್ಕಿತು ಎಂದುಕೊಂಡೆ. ಪೈಪಿನ ಕೆಳಗಿನ ಬಾಗುವಿನಲ್ಲಿ ನೀರಿಳಿಯಲು ಒಂದು ರಂಧ್ರ ಇರಬೇಕಾಗಿತ್ತು, ಇರಲಿಲ್ಲ. ತಂತಿಗಳನ್ನು ಬಾಗುವಿನಿಂದ ಮೇಲಕ್ಕೆಳೆದು ಡ್ರಿಲ್ ಇಟ್ಟೆ. ತುಕ್ಕು ಬೆರೆತ ಕೆಂಚು ನೀರು ಬುಳಬುಳನೆ ಸುರಿಯಿತು. ತಮ್ಮ ತನ್ನ ಕಂಪ್ರೆಸರಿನ ಗಾಳಿ ಬಿಟ್ಟು ಪೈಪು ಒಣಗಿಸಿಕೊಟ್ಟ. ಅಣ್ಣ ದೂರ ನಿಂತು, ಅವನ ಗಾಳಿಯಲ್ಲೂ ಏನೋ ಮೋಸವಿದೆ ಎಂಬಂತೆ ನೋಡುತ್ತಿದ್ದ.

ಮತ್ತೆ ಮೆಗ್ಗರ್ ಹಿಡಿದರೆ ಮುಳ್ಳು ಚೆನ್ನಾಗಿ ಎದ್ದಿತು. ತಂತಿಗಳನ್ನು ಇದ್ದ ಜಾಗಕ್ಕೇ ಸೇರಿಸಿ ಕರೆಂಟು ಕೊಡಿಸಿದೆ. ಪ್ರೆಸ್ ಶುರುವಾಯಿತು. ಎರಡೂ ಮೀಟರುಗಳ ಆ ಹಾಳು ದೀಪ ಮೊದಲಿನಂತೆಯೇ ಹೊತ್ತಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ತಮ್ಮ "ನೀರಾಯ್ತು, ಈಗ್ ಕಳ್ಳುನ್ನ ಹಿಡೀರಿ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲಲ್ಲ, ಆ ದೀಪದ ಮೇಲೆ.

ಮಧ್ಯಾಹ್ನ ಕ್ಲ್ಯಾಂಪ್ ಮೀಟರ್ ತೆಗೆದೆ. ಇಕ್ಕಳದಂತೆ ತಂತಿಯ ಸುತ್ತ ಹಿಡಿದರೆ ಒಳಗೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುತ್ತದೆ. ಒಂದೇ ಮನೆಯ ಕೆಂಪು ಕಪ್ಪು ಎರಡನ್ನೂ ಒಟ್ಟಿಗೆ ಹಿಡಿದರೆ ಸೊನ್ನೆ ಬರಬೇಕು, ಹೋದದ್ದೂ ಬಂದದ್ದೂ ವಜಾ ಆಗಿಬಿಡುತ್ತದೆ. ತಮ್ಮನ ಮೇನ್ ಇಳಿಸಿ, ಅಣ್ಣನ ಪ್ರೆಸ್ ಓಡುವಾಗ ಅಣ್ಣನ ಜೋಡಿಯನ್ನು ಹಿಡಿದೆ. ಸೊನ್ನೆ ಬರಲಿಲ್ಲ, ಪ್ರೆಸ್ಸಿನ ಪೂರಾ ಕರೆಂಟು ತೋರಿಸಿತು. ಅಣ್ಣನ ಕಪ್ಪು ತಂತಿಯೊಂದನ್ನೇ ಹಿಡಿದರೆ ಏನೂ ಇಲ್ಲ. ಅಂದರೆ ಮನೆಗೆ ಹೋದದ್ದು ಮರಳಿ ಬರುತ್ತಲೇ ಇಲ್ಲ. ಆಗ ನಾಲ್ಕೂ ತಂತಿಗಳನ್ನು ಒಂದೇ ಮುಷ್ಟಿಗೆ ಸೇರಿಸಿ ಇಕ್ಕಳ ಹಾಕಿದೆ.

ಸೊನ್ನೆ.

ತೆಗೆದು ಮತ್ತೆ ಹಾಕಿದೆ. ಮತ್ತೆ ಸೊನ್ನೆ. ಪೈಪಿನೊಳಗೆ ಹೋದ ಕರೆಂಟೆಲ್ಲ ಪೈಪಿನಿಂದಲೇ ಮರಳುತ್ತಿತ್ತು. ಒಂದು ಚೂರೂ ಸೋರಿಲ್ಲ, ಒಂದು ಚೂರೂ ಯಾರೂ ಕದ್ದಿಲ್ಲ. ಕೊನೆಗೆ ತಮ್ಮನ ಕಪ್ಪು ತಂತಿಯನ್ನು ಹಿಡಿದೆ. ಪ್ರೆಸ್ಸಿನ ಕರೆಂಟೆಲ್ಲ ಅಲ್ಲಿತ್ತು.

ಅಣ್ಣನ ಮೀಟರಿನಿಂದ ಹೊರಟದ್ದು ತಮ್ಮನ ಮೀಟರಿನ ಮೂಲಕ ಮರಳುತ್ತಿತ್ತು, ತಮ್ಮನ ಮೀಟರಿನಿಂದ ಹೊರಟದ್ದು ಅಣ್ಣನ ಮೀಟರಿನ ಮೂಲಕ. ಈ ಕಾಲದ ಮೀಟರುಗಳಿಗೂ ನನ್ನ ಹಾಗೆ ಅನುಮಾನದ ಬುದ್ಧಿ. ಹೋಗುವ ತಂತಿಯನ್ನೂ ನೋಡುತ್ತವೆ, ಬರುವ ತಂತಿಯನ್ನೂ ನೋಡುತ್ತವೆ, ಯಾವುದರಲ್ಲಿ ಹೆಚ್ಚೋ ಅದನ್ನೇ ಎಣಿಸುತ್ತವೆ. ಹಾಗಾಗಿ ಒಬ್ಬ ಬಳಸಿದ್ದು ಇಬ್ಬರ ಲೆಕ್ಕಕ್ಕೂ ಬೀಳುತ್ತಿತ್ತು. ಇಬ್ಬರ ಬಿಲ್ಲೂ ಏರಿತ್ತು, ಇಬ್ಬರ ಕಣ್ಣಿಗೂ ಇನ್ನೊಬ್ಬ ಕಳ್ಳನಾಗಿದ್ದ.

ಕೊನೆಯ ಡಬ್ಬಿ ತೆರೆದು ಎರಡು ತಂತಿ ಅದಲುಬದಲು ಮಾಡಿದರೆ ಮುಗಿಯುವ ಕೆಲಸ. ಏನೋ ಸಿಕ್ಕಿದೆಯೆಂದು ನನ್ನ ಮುಖ ನೋಡಿಯೇ ಅಣ್ಣನಿಗೆ ಗೊತ್ತಾಯಿತು. "ಈಗ್ಲೇ ಸರಿ ಮಾಡ್ಬಿಡಿ ಸಾಬ್ರೇ, ನಾಳೆ ಬರೋರ್ಗೆ ಏನೂ ಕಾಣ್ಬಾರ್ದು" ಎಂದು ಕೈ ಹಿಡಿದುಕೊಂಡ.

ಏಣಿಗೆ ಕಾಲಿಟ್ಟವನು ಅಲ್ಲೇ ನಿಂತೆ. ಈಗ ಸರಿ ಮಾಡಿದರೆ ಏನಾಗುತ್ತದೆ? ದಳದವರು ಮೀಟರಿನ ನೆನಪು ಓದುತ್ತಾರೆ. ಅಲ್ಲಿ ತಿಂಗಳುಗಟ್ಟಲೆ ಆ ದೀಪ ಹೊತ್ತಿದ್ದ ದಾಖಲೆ ಇರುತ್ತದೆ. ಡಬ್ಬಿ ತೆರೆದರೆ ಹೊಸದಾಗಿ ಕತ್ತರಿಸಿದ ತಾಮ್ರ ಫಳಫಳ ಹೊಳೆಯುತ್ತದೆ. ಹಿಂದಿನ ದಿನ ಕಡೂರಿನ ಗುತ್ತಿಗೆದಾರನೊಬ್ಬ ಬಂದು ಹೋದನೆಂದು ಊರೆಲ್ಲ ಹೇಳುತ್ತದೆ. ಕದ್ದವರು ಸಾಕ್ಷಿ ಅಳಿಸಿದರು ಎನ್ನಲು ಇನ್ನೇನು ಬೇಕು? ತಪ್ಪನ್ನು ತಪ್ಪಾಗಿಯೇ ಬಿಟ್ಟರೆ ಮಾತ್ರ ಈ ಹೆಂಗಸಿನ ಪ್ರೆಸ್ ಉಳಿಯುತ್ತದೆ.

ಏಣಿಯಿಂದ ಕಾಲು ತೆಗೆದೆ. ಅಜ್ಜಂಪುರದ ವಿದ್ಯುತ್ ಕಚೇರಿಯ ಶಾಖಾಧಿಕಾರಿಗೆ ಫೋನ್ ಹಚ್ಚಿದೆ. ವಯಸ್ಸಿನಲ್ಲಿ ಸಣ್ಣವರು, ಕೆಲಸದಲ್ಲಿ ಖಡಕ್ ಹೆಣ್ಣುಮಗಳು. ಪೂರ್ತಿ ಕೇಳಿಸಿಕೊಂಡು, "ನೀವೂ ಮುಟ್ಬೇಡಿ, ಅವ್ರ್ನೂ ಮುಟ್ಟೋಕೆ ಬಿಡ್ಬೇಡಿ. ನಾಳೆ ದಳದವರ ಜೊತೆ ನಾನೇ ಬರ್ತೀನಿ" ಎಂದರು. ಕೊನೆಯ ಡಬ್ಬಿಗೆ ಸುತ್ತಲೂ ಟೇಪು ಹಾಕಿ, ಅದರ ಮೇಲೆ ಅಣ್ಣತಮ್ಮ ಇಬ್ಬರಿಂದಲೂ ಸಹಿ ಮಾಡಿಸಿದೆ. ಏನು ಸಿಕ್ಕಿದೆಯೆಂದು ಇಬ್ಬರಿಗೂ ಹೇಳಲಿಲ್ಲ. ಗೊತ್ತಾದರೆ ಯಾರು ಏಣಿ ಹತ್ತುತ್ತಾರೋ ಎಂಬ ಭಯ ನನಗೆ.

ನೀರಲ್ಲಿ ನೆನೆದ ಪೈಪಿನ ಮೇಲೆ ನನಗೆ ನಂಬಿಕೆಯಿರಲಿಲ್ಲ, ಹಾಗಾಗಿ ಬೆಳಗಿನವರೆಗೆ ಪ್ರೆಸ್ ನಿಲ್ಲಿಸಲು ಹೇಳಿದೆ. ಆಕೆ ತೊಟ್ಟಿಯತ್ತ ಕೈ ತೋರಿಸಿದಳು. "ನೆನ್ಸಿರೋ ಹಾಳೆ ನಾಳೆಗ್ ಲೋಳೆ ಬರುತ್ತೆ. ಆರ್ಡರ್ ಕೊಟ್ಟೋರ್ಗೆ ಏನ್ ಹೇಳ್ಲಿ? ಕಳ್ಳತನದ ತನಿಖೆ ನಡೀತೈತೆ ಅಂತ್ಲಾ?" ಆಕೆಯೇ ಸ್ವಿಚ್ ಆರಿಸಿ, ಹಾಳೆಗಳನ್ನು ತೊಟ್ಟಿಯಿಂದ ಎತ್ತಿ ಬಿಸಿಲಿಗೆ ಹರಡತೊಡಗಿದಳು. ಬಸ್ಸಿನಲ್ಲಿ ಕಡೂರು ಮುಟ್ಟುವವರೆಗೂ ನನಗೆ ಅದೇ ಚಿಂತೆ. ಆ ಟೇಪು ಬೆಳಗಿನವರೆಗೆ ಉಳಿದೀತೇ?

ಉಳಿದಿತ್ತು. ಸಹಿಗಳೂ ಹಾಗೇ ಇದ್ದವು. ದಳದ ಅಧಿಕಾರಿ ಮೀಸೆಯ ಮನುಷ್ಯ, ನನ್ನ ಕ್ಲ್ಯಾಂಪ್ ಪ್ರಯೋಗವನ್ನೆಲ್ಲ ಕೈಕಟ್ಟಿ ನೋಡಿದ. ನಾಲ್ಕು ತಂತಿಯ ಸೊನ್ನೆಯನ್ನೂ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನೆ ನೀವೇ ಹಿಂಗ್ ಕಟ್ಟಿಟ್ಟು, ಇವತ್ತು ನಮ್ಗೆ ಕತೆ ಹೇಳ್ತಿಲ್ಲ ಅಂತ ಏನ್ ಗ್ಯಾರಂಟಿ?" ಎಂದ. ಊರಿಗೆಲ್ಲ ಅನುಮಾನ ಪಡುವ ನನ್ನ ಮೇಲೇ ಅನುಮಾನ! ಒಳಗೊಳಗೇ ಉರಿದರೂ, ನ್ಯಾಯವಾಗಿ ನೋಡಿದರೆ ನಾನೂ ಅದನ್ನೇ ಕೇಳುತ್ತಿದ್ದೆ.

"ಮೀಟರನ್ನೇ ಕೇಳಿ ಸಾರ್" ಎಂದೆ.

ಶಾಖಾಧಿಕಾರಿ ಕೈಯಂತ್ರವನ್ನು ಮೀಟರಿಗೆ ಜೋಡಿಸಿ ಓದಿದರು. ಎರಡೂ ಮೀಟರುಗಳಲ್ಲಿ ಆ ದೀಪ ಮೊದಲು ಹೊತ್ತಿದ್ದು ಒಂದೇ ದಿನ. "ಆ ದಿನ ಇಲ್ಲಿ ಏನ್ ನಡೀತು?" ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಅಣ್ಣನ ಹೆಂಡತಿ, "ಅವತ್ತು ನಾವು ಈಚೆ ಮನೆಗ್ ಬಂದು ಹಾಲುಕ್ಕಿಸಿದ್ದು" ಎಂದಳು.

ದಳದವರು ಡಬ್ಬಿ ತೆರೆದರು. ಕಪ್ಪು ತಂತಿಗಳು ವೈರಿಂಗಿನವನು ಎಳೆದಂತೆಯೇ ಅಖಂಡವಾಗಿದ್ದವು. ಕೆಂಪು ಎರಡನ್ನೂ ಕತ್ತರಿಸಿ, ಅಡ್ಡಡ್ಡಲಾಗಿ ಸೇರಿಸಿ, ಮೇಲೆ ಟೇಪಿನ ಬದಲು ರಬ್ಬರ್ ಪಟ್ಟಿ ಸುತ್ತಿದ್ದರು. ಪಂಕ್ಚರ್ ಅಂಗಡಿಯ ಟ್ಯೂಬಿನ ಪಟ್ಟಿ. ಎಲ್ಲರ ಕಣ್ಣೂ ತಮ್ಮನ ಮೇಲೆ ಬಿತ್ತು. ದೂರು ಕೊಟ್ಟವನೇ ಸಿಕ್ಕಿಬಿದ್ದನೆಂದು ದಳದ ಅಧಿಕಾರಿ ಪೆನ್ನು ತೆಗೆದ.

"ನಾನೊಬ್ನೇ ಮಾಡಿದ್ನಾ?" ತಮ್ಮ ಕಿರುಚಿದ. "ಕೆಳಗ್ ಏಣಿ ಹಿಡ್ಕಂಡ್ ನಿಂತಿದ್ದೋರ್ ಯಾರು ಅಂತ ಕೇಳಿ. ಲೈಟ್ ಹತ್ತಿದ್ ಕೂಡ್ಲೇ ಭಲೇ ಕಣ್ಲಾ ಅಂತ ಬೆನ್ ತಟ್ಟಿದ್ದೋರ್ ಯಾರು ಅಂತ ಕೇಳಿ!"

ಅಣ್ಣ ತಲೆ ತಗ್ಗಿಸಿದ. ಆಮೇಲೆ ಅವನೇ ಹೇಳಿದ. ನಮ್ಮ ಕಡೆ ಮನೆ ಭಾಗವಾಗುವಾಗ ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು. ಮೂಡಲ ಭಾಗ ಹಿರಿಯನಿಗೇ ಎಂದುಕೊಂಡು ವೈರಿಂಗಿನವನು ಮೊದಲೇ ತಂತಿ ಎಳೆದು ಹೋಗಿದ್ದ. ಆದರೆ ಊರ ಹಿರಿಯರೆದುರು ತಮ್ಮ ಮೂಡಲ ಭಾಗವನ್ನೇ ಆರಿಸಿಕೊಂಡ. ಮೀಟರುಗಳಿಗೆ ಆಗಲೇ ಹೆಸರು ಬಿದ್ದಿತ್ತು. ಮತ್ತೆ ವೈರಿಂಗಿನವನಿಗೆ ಯಾರು ಕಾಯುತ್ತಾರೆಂದು, ಹಾಲುಕ್ಕಿಸುವ ದಿನ ಬೆಳಿಗ್ಗೆ ಅಣ್ಣತಮ್ಮ ಇಬ್ಬರೂ ಸೇರಿ ಕೆಂಪು ತಂತಿಗಳನ್ನು ಬದಲಾಯಿಸಿದ್ದರು.

"ಕರಿ ವೈರು?" ಎಂದು ಕೇಳಿದೆ.

"ಅದ್ನ ಮುಟ್ಟಿದ್ರೂ ಷಾಕ್ ಹೊಡ್ಯಲ್ಲ. ಅದ್ರಲ್ ಏನೂ ಇರಲ್ಲ ಅಂದ್ಕಂಡ್ವಿ" ಎಂದ ತಮ್ಮ. "ಲೈಸೆನ್ಸ್ ಇಲ್ದೆ ಕೈ ಹಾಕಿದ್ವಿ ಅಂತ ಗೊತ್ತಾದ್ರೆ ದಂಡ ಹಾಕ್ತಾರೆ ಅಂತ ಬಾಯ್ ಬಿಡ್ಲಿಲ್ಲ."

ಒಬ್ಬರನ್ನೊಬ್ಬರು ಕಳ್ಳರೆಂದು ಊರಲ್ಲಿ ಸಾರಿದವರು ಈ ಒಂದು ಗುಟ್ಟನ್ನು ಮಾತ್ರ ಒಬ್ಬರಿಗೊಬ್ಬರು ಕಾಯ್ದುಕೊಂಡಿದ್ದರು. ದಳದ ಅಧಿಕಾರಿ ಪೆನ್ನು ಜೇಬಿಗೆ ಸೇರಿಸಿ, ಮೊದಲ ಸಲ ನಕ್ಕ.

ಶಾಖಾಧಿಕಾರಿ ಅಲ್ಲೇ ತೀರ್ಮಾನ ಹೇಳಿದರು. ಕಳ್ಳತನವಲ್ಲ, ತಪ್ಪು ಜೋಡಣೆ. ಬಿಲ್ಲುಗಳನ್ನು ಮರುಪರಿಶೀಲಿಸುತ್ತಾರೆ. ಹಳೆಯ ಪೈಪು ತೆಗೆಸಬೇಕು, ಇಬ್ಬರಿಗೂ ಬೇರೆ ಬೇರೆ ಪೈಪು, ನಡುವೆ ಜಾಯಿಂಟ್ ಇಲ್ಲದ ಹೊಸ ತಂತಿ, ಪೈಪಿಗೆ ಅರ್ಥಿಂಗ್. ಇನ್ನು ಪ್ರೆಸ್ಸಿಗೆ ಬೇರೆ ಸಂಪರ್ಕ ತೆಗೆದುಕೊಳ್ಳಬೇಕು, ಇದೊಂದು ಸಲ ಎಚ್ಚರಿಕೆ ಮಾತ್ರ.

ಜೀಪು ಹೋಯಿತು. ಎದೆಯ ಮೇಲಿನ ಕಲ್ಲಿಳಿದವನಂತೆ ಅಣ್ಣ ಜಗಲಿಯ ಮೇಲೆ ಕೂತು, ನನ್ನ ಕಡೆ ನೋಡಿ ಹೇಳಿದ. "ಸದ್ಯ ಬದುಕ್ದೆ ಸಾಬ್ರೇ. ನಾನ್ ಅಂದ್ಕಂಡಂಗೆ ಪ್ರೆಸ್ಸಿನ್ ಕಡೆಯಿಂದ ಏನೂ ಆಗಿರ್ಲಿಲ್ಲ."

ಆಕೆ ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ನೀವ್ ಅಂದ್ಕಂಡಂಗಾ?" ಎಂದಳು.

ಅಣ್ಣನ ಮುಖ ಕಪ್ಪಿಟ್ಟಿತು.

"ನಿಮ್ ತಮ್ಮ ನನ್ನ ಕಳ್ಳಿ ಅಂದ. ಎದುರಿಗೆ ನಿಂತ್ಕಂಡ್ ಅಂದ, ಊರ್ ಮುಂದೆ ಅಂದ. ನೀವು ಸಾಬ್ರ ಕಿವೀಲಿ ಅಂದ್ರಾ?"

ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಆ ದಿನದ ಮಟ್ಟಿಗೆ ನನಗೆ ಸಿಕ್ಕಿದ ತಪ್ಪುಗಳಲ್ಲಿ ಸರಿಪಡಿಸಲು ಗೊತ್ತಿಲ್ಲದ ತಪ್ಪು ಅದೊಂದೇ. ಆಕೆ ಚೊಂಬನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಅಣ್ಣ ಅದನ್ನು ಮುಟ್ಟಲಿಲ್ಲ.

ಹೊಸ ಪೈಪುಗಳ ಕೆಲಸ ಮರುದಿನ ಮುಗಿಯಿತು. ಒಂದು ಮೂಡಲ ಮನೆಗೆ, ಒಂದು ಪಡುವಲ ಮನೆಗೆ. ಮೇಲಿನ ಬಾಯಿಗಳೆರಡೂ ನೆಲ ನೋಡುವಂತೆ ಬಾಗಿಸಿ, ತಂತಿ ತುಂಡಾಗದಂತೆ ಅಂಚಿಗೆ ಬುಷ್ ಹಾಕಿ, ಕೆಳಗಿನ ಬಾಗು ಒಂದೊಂದಕ್ಕೂ ನೀರಿಳಿಯುವ ರಂಧ್ರ ಬಿಟ್ಟೆ. ಪ್ರೆಸ್ ಹಾಕಿಸಿದಾಗ ತಮ್ಮನ ಮೀಟರು ಅಲ್ಲಾಡಲಿಲ್ಲ. ತಮ್ಮ ಅದರ ಮುಂದೆ ನಿಂತು ನೋಡಿ ಅಂಗಡಿಗೆ ಹೋದ.

ನಾನು ಸಾಮಾನು ಕಟ್ಟುತ್ತಿದ್ದಾಗ ಆಕೆ ಬಂದಳು. "ಸಾಬ್ರೇ, ಪ್ರೆಸ್ಸಿಗ್ ಬೇರೆ ಮೀಟರ್ ಬೇಕು ಅಂದ್ರಲ್ಲ ಮೇಡಮ್ಮು. ನನ್ ಹೆಸ್ರಲ್ಲಿ ಕೊಡ್ತಾರಾ?"

"ಖಾತೆ ಯಜಮಾನ್ರ ಹೆಸ್ರಲ್ಲೈತೆ ಅಕ್ಕಾ. ಅವ್ರು ಒಪ್ಗೆ ಅಂತ ಬರ್ದು..."

"ಕೊಡ್ತೀನಿ" ಎಂದ ಅಣ್ಣ, ನನ್ನ ಮಾತು ಮುಗಿಯುವ ಮೊದಲೇ, ಜಗಲಿಯಿಂದ.

ಆಕೆ ಅತ್ತ ತಿರುಗಲಿಲ್ಲ. "ಪೈಪು?"

"ಅದೂ ಬೇರೆ ಹಾಕ್ಬೇಕು."

"ಈ ಗೋಡೆ ಮೇಲೆ ಬೇಡ ಸಾಬ್ರೇ" ಎಂದಳು. "ಕಂಬದಿಂದ ನೇರ ನನ್ ಶೆಡ್ಡಿಗೇ ಬರ್ಲಿ. ಎಲ್ರಿಗೂ ಕಾಣೋ ಹಂಗ್ ಬರ್ಲಿ."